ಶಾಲೆಯನ್ನು ಆರಿಸುವ ಪೋಷಕರು, ಮಕ್ಕಳನ್ನು ಆರಿಸುವ ಶಾಲೆಗಳು

ಮಕ್ಕಳಿಗೆ ಬೇಕಾದ ಶಾಲೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಪೋಷಕರಿಗೆ ಇರಬೇಕೇ ಬೇಡವೇ ಎಂಬ ಚರ್ಚೆ ಎಲ್ಲಿ ಶುರುವಾದರೂ ಬಹುಬೇಗ ಎರಡು ಬಣಗಳಾಗಿ ಒಡೆಯುತ್ತದೆ. ಶಾಲೆಗಳ ನಡುವೆ ಪೈಪೋಟಿ ಏರ್ಪಟ್ಟರೆ ಕೆಟ್ಟ ಶಾಲೆಗಳು ಸುಧಾರಿಸುತ್ತವೆ, ಇಲ್ಲವೇ ಮುಚ್ಚಿಹೋಗುತ್ತವೆ ಎಂದು ಒಂದು ಬಣ ವಾದಿಸಿದರೆ, ಇನ್ನೊಂದು ಬಣಕ್ಕೆ ಶಿಕ್ಷಣದ ಪಕ್ಕದಲ್ಲಿ ಮಾರುಕಟ್ಟೆ ಎಂಬ ಮಾತು ಬಂದರೇ ಆಗುವುದಿಲ್ಲ. ಈ ಎರಡೂ ವಾದಗಳನ್ನು ಬಹುಕಾಲದಿಂದ ಓದುತ್ತ ಬಂದಿರುವ ನನಗೆ, ಇಬ್ಬರೂ ಒಂದು ಸಂಗತಿಯನ್ನು ಪಕ್ಕಕ್ಕಿಟ್ಟು ಮಾತನಾಡುತ್ತಾರೆ ಎನ್ನಿಸುತ್ತದೆ. ಶಾಲೆಯ ಆಯ್ಕೆ ಎಂಬುದು ಯಾವ ಸರ್ಕಾರವೂ ಹೊಸದಾಗಿ ಕೊಡಬೇಕಾದ ಸೌಲಭ್ಯವಲ್ಲ. ಹಣವುಳ್ಳವರಿಗೆ ಅದು ಯಾವತ್ತೂ ಇತ್ತು. ವಾಸವಿರುವ ಪ್ರದೇಶಕ್ಕೆ ತಕ್ಕಂತೆ ಶಾಲೆ ಗೊತ್ತುಮಾಡುವ ವ್ಯವಸ್ಥೆಯಲ್ಲಿ ಅವರು ಮನೆಯನ್ನೇ ಬದಲಾಯಿಸುತ್ತಾರೆ. ಅಮೆರಿಕದ ಬಾಸ್ಟನ್ ಸುತ್ತಮುತ್ತಲ ಊರುಗಳಲ್ಲಿ ಶಾಲಾ ವ್ಯಾಪ್ತಿಯ ಗಡಿರೇಖೆಯ ಎರಡು ಬದಿಗಿರುವ ಮನೆಗಳನ್ನು ಹೋಲಿಸಿ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಶಾಲೆಯ ಪರೀಕ್ಷಾ ಅಂಕಗಳು ಶೇ. 5ರಷ್ಟು ಹೆಚ್ಚಿದ್ದ ಕಡೆ ಮನೆಯ ಬೆಲೆ ಸುಮಾರು ಶೇ. 2ರಷ್ಟು ಹೆಚ್ಚಿತ್ತು ಎಂದು ತೋರಿಸಿತು. ಸರ್ಕಾರಿ ಶಾಲೆ ಉಚಿತವೇ ಆಗಿತ್ತು, ಆದರೆ ಅದರ ಶುಲ್ಕ ಮನೆಯ ಕ್ರಯಪತ್ರದೊಳಗೆ ಸೇರಿಹೋಗಿತ್ತು.

ಆದ್ದರಿಂದ ಆಯ್ಕೆಯನ್ನು ವಿರೋಧಿಸುವವರು ಅಸಮಾನತೆಯಿಲ್ಲದ ಹಳೆಯ ಕಾಲವೊಂದನ್ನು ಕಾಪಾಡುತ್ತಿದ್ದೇವೆ ಎಂದು ಭಾವಿಸುವುದು ಸರಿಯಲ್ಲ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1955ರಲ್ಲಿ ವೋಚರ್ (ಮಗುವಿನ ಶಾಲೆಯ ಖರ್ಚಿಗೆಂದು ಸರ್ಕಾರ ಕೊಡುವ ಹಣದ ಚೀಟಿ) ಯೋಜನೆಯನ್ನು ಪ್ರತಿಪಾದಿಸಿದಾಗ ಮುಂದಿಟ್ಟ ವಾದದಲ್ಲಿ ಹುರುಳಿತ್ತು: ಶಿಕ್ಷಣಕ್ಕೆ ಸರ್ಕಾರ ಹಣ ಕೊಡಬೇಕೆಂಬುದಕ್ಕೂ ಸರ್ಕಾರವೇ ಶಾಲೆ ನಡೆಸಬೇಕೆಂಬುದಕ್ಕೂ ಸಂಬಂಧವಿಲ್ಲ, ಹಣವು ಮಗುವಿನ ಹಿಂದೆ ಹೋಗಲಿ, ಮಗು ತನಗೆ ಹಿಡಿಸಿದ ಶಾಲೆಗೆ ಹೋಗಲಿ. ಕೇಳಲು ಇದು ಸರಳವಾಗಿದೆ. ಆದರೆ ಸೀಟಿಗಿಂತ ಹೆಚ್ಚು ಮಕ್ಕಳು ಬಂದಾಗ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಿಡಬೇಕು ಎಂಬುದನ್ನು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಇಲ್ಲಿ ಬಾಕಿ ಉಳಿಯುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇರುವುದು ಇಲ್ಲೇ. ಬೇಕರಿಯವನು ಗಿರಾಕಿಯ ಅಂಕಪಟ್ಟಿ ನೋಡಿ ಬ್ರೆಡ್ಡು ಮಾರುವುದಿಲ್ಲ, ಏಕೆಂದರೆ ಗಿರಾಕಿ ಯಾರಾದರೂ ಬ್ರೆಡ್ಡಿನ ರುಚಿ ಬದಲಾಗುವುದಿಲ್ಲ. ಶಾಲೆಯಲ್ಲಿ ಹಾಗಲ್ಲ. ಅಲ್ಲಿ ಕಲಿಯಲು ಬಂದ ಮಕ್ಕಳೇ ಶಾಲೆಯ ಫಲಿತಾಂಶವನ್ನೂ ಹೆಸರನ್ನೂ ತರಗತಿಯ ವಾತಾವರಣವನ್ನೂ ರೂಪಿಸುತ್ತಾರೆ. ಹೀಗಿರುವಾಗ ಚೆನ್ನಾಗಿ ಕಲಿಸಿ ಪೈಪೋಟಿ ಗೆಲ್ಲುವುದಕ್ಕಿಂತ, ಸುಲಭವಾಗಿ ಕಲಿಯುವ ಮಕ್ಕಳನ್ನು ಆರಿಸಿಕೊಂಡು ಗೆಲ್ಲುವುದು ಶಾಲೆಗೆ ಬಹಳ ಅಗ್ಗದ ದಾರಿ.

ಈ ದಾರಿ ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದನ್ನು ತಿಳಿಯಲು ಚಿಲಿ ದೇಶಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗದು. 1981ರಲ್ಲಿ ಅಲ್ಲಿನ ಮಿಲಿಟರಿ ಸರ್ಕಾರವು ಸರ್ಕಾರಿ ಶಾಲೆಗಳನ್ನು ಪುರಸಭೆಗಳಿಗೆ ವಹಿಸಿಕೊಟ್ಟು, ಪುರಸಭೆಯ ಶಾಲೆಗೂ ಅನುದಾನಿತ ಖಾಸಗಿ ಶಾಲೆಗೂ ಮಕ್ಕಳ ಹಾಜರಾತಿಯ ಲೆಕ್ಕದಲ್ಲಿ ಸಮನಾದ ಹಣ ಕೊಡುವ ವ್ಯವಸ್ಥೆಯನ್ನು ಇಡೀ ದೇಶಕ್ಕೆ ಒಮ್ಮೆಗೇ ಜಾರಿಗೆ ತಂದಿತು. ಖಾಸಗಿ ಶಾಲೆಗಳು ಲಾಭ ಮಾಡಿಕೊಳ್ಳಬಹುದಿತ್ತು. ಪ್ರವೇಶ ಪರೀಕ್ಷೆ ನಡೆಸಿ, ಪೋಷಕರ ಸಂದರ್ಶನ ಮಾಡಿ, ತಮಗೆ ಬೇಕಾದವರನ್ನಷ್ಟೇ ಸೇರಿಸಿಕೊಳ್ಳಬಹುದಿತ್ತು. ಪುರಸಭೆಯ ಶಾಲೆಗಳು ಬಂದವರನ್ನೆಲ್ಲ ಸೇರಿಸಿಕೊಳ್ಳಬೇಕಿತ್ತು. ಸಾಲದೆಂಬಂತೆ 1993ರಲ್ಲಿ, ಸರ್ಕಾರದ ಹಣ ಪಡೆಯುವ ಖಾಸಗಿ ಶಾಲೆಗಳು ಪೋಷಕರಿಂದ ಮೇಲುಶುಲ್ಕವನ್ನೂ ವಸೂಲಿ ಮಾಡಲು ದಾರಿ ಸುಗಮವಾಯಿತು. ಪುರಸಭೆಯ ಶಾಲೆಗಳಲ್ಲಿ ಕಲಿಯುವ ಮಕ್ಕಳ ಪಾಲು, ಯೋಜನೆ ಆರಂಭವಾದಾಗ ಶೇ. 80ರ ಆಸುಪಾಸಿನಲ್ಲಿದ್ದದ್ದು, ಮೂರು ದಶಕಗಳ ನಂತರ ಶೇ. 40ಕ್ಕಿಂತ ಕೆಳಗಿಳಿಯಿತು.

ಅಷ್ಟು ದೊಡ್ಡ ವಲಸೆಯಿಂದ ಕಲಿಕೆ ಸುಧಾರಿಸಿತೇ? ಖಾಸಗಿ ಶಾಲೆಗಳು ವೇಗವಾಗಿ ಬೆಳೆದ ಪುರಸಭೆಗಳನ್ನೂ ನಿಧಾನವಾಗಿ ಬೆಳೆದ ಪುರಸಭೆಗಳನ್ನೂ ಹೋಲಿಸಿ ಚಾಂಗ್-ತಾಯ್ ಶಿಯೆ ಮತ್ತು ಮಿಗೆಲ್ ಉರ್ಕಿಯೋಲಾ 2006ರಲ್ಲಿ ಪ್ರಕಟಿಸಿದ ಸಂಶೋಧನೆಗೆ ಸರಾಸರಿ ಕಲಿಕೆ ಹೆಚ್ಚಿದ ಯಾವ ಪುರಾವೆಯೂ ಸಿಗಲಿಲ್ಲ. ಸಿಕ್ಕಿದ್ದು ಬೇರೆಯೇ: ಸರ್ಕಾರಿ ಶಾಲೆಗಳಲ್ಲಿದ್ದ ಅನುಕೂಲಸ್ಥ ಮನೆಗಳ ಮಕ್ಕಳು, ಚೆನ್ನಾಗಿ ಕಲಿಯುವ ಮಕ್ಕಳು ಖಾಸಗಿ ಶಾಲೆಗಳಿಗೆ ಹೊರಟುಹೋಗಿದ್ದರು. ಖಾಸಗಿ ಶಾಲೆಯ ಸರಾಸರಿ ಅಂಕ ಹೆಚ್ಚಿಗೆ ಕಂಡದ್ದು ಬಹುಮಟ್ಟಿಗೆ ಹೀಗೆ ಜರಡಿ ಹಿಡಿದದ್ದರ ಫಲ. ಅದೇ 2006ರಲ್ಲಿ ಚಿಲಿಯ ಪ್ರೌಢಶಾಲಾ ವಿದ್ಯಾರ್ಥಿಗಳು ಬೀದಿಗಿಳಿದರು. ಅವರ ಕಪ್ಪು ಬಿಳುಪಿನ ಸಮವಸ್ತ್ರದಿಂದಾಗಿ ಆ ಹೋರಾಟಕ್ಕೆ ‘ಪೆಂಗ್ವಿನ್ ಕ್ರಾಂತಿ’ ಎಂಬ ಹೆಸರು ಬಂತು.

ಇಲ್ಲಿ ಪೋಷಕರನ್ನು ದೂಷಿಸುವುದು ಸುಲಭ, ಆದರೆ ನನಗೆ ಅದು ಇಷ್ಟವಿಲ್ಲ. ತನ್ನ ಮಗುವಿಗೆ ಒಳ್ಳೆಯದನ್ನು ಹುಡುಕುವ ತಾಯಿಗೆ ಸಮಾಜದ ಸಮಾನತೆಯ ಹೊಣೆ ಹೊರಿಸುವುದು ನ್ಯಾಯವಲ್ಲ. ಆಕೆಯ ಕಣ್ಣಿಗೆ ಕಾಣುವುದು ಏನು ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ. ಒಂದು ಶಾಲೆ ಮಗುವಿಗೆ ಎಷ್ಟು ಕಲಿಸಿತು ಎಂಬುದು ಹೊರಗಿನಿಂದ ಕಾಣುವುದಿಲ್ಲ. ಆ ಶಾಲೆಯಲ್ಲಿ ಎಂಥ ಮಕ್ಕಳಿದ್ದಾರೆ ಎಂಬುದು ಗೇಟಿನ ಬಳಿ ನಿಂತರೇ ಕಾಣುತ್ತದೆ. ನ್ಯೂಯಾರ್ಕ್ ನಗರದಲ್ಲಿ ಪ್ರೌಢಶಾಲೆಗೆ ಸೇರುವ ಮಕ್ಕಳ ಮನೆಯವರು ಸಲ್ಲಿಸಿದ ಆಯ್ಕೆಪಟ್ಟಿಗಳನ್ನು ವಿಶ್ಲೇಷಿಸಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಕುಟುಂಬಗಳು ಮೆಚ್ಚುವುದು ಹೆಚ್ಚು ಅಂಕ ಪಡೆಯುವ ಸಹಪಾಠಿಗಳಿರುವ ಶಾಲೆಗಳನ್ನು. ಸಹಪಾಠಿಗಳ ಮಟ್ಟವನ್ನು ಲೆಕ್ಕದಿಂದ ಹೊರಗಿಟ್ಟರೆ, ಶಾಲೆಯ ಕಲಿಸುವ ಸಾಮರ್ಥ್ಯಕ್ಕೂ ಪೋಷಕರ ಒಲವಿಗೂ ಸಂಬಂಧ ಉಳಿಯುವುದಿಲ್ಲ. ಮಾರುಕಟ್ಟೆಯ ವಾದಕ್ಕೆ ಇದು ಬಲವಾದ ಪೆಟ್ಟು. ಚೆನ್ನಾಗಿ ಕಲಿಸಿದ ಶಾಲೆಗೆ ಗಿರಾಕಿ ಹೆಚ್ಚುವುದಿಲ್ಲ ಎಂದಾದರೆ, ಪೈಪೋಟಿಯು ಯಾವ ಗುಣಕ್ಕೆ ಬಹುಮಾನ ಕೊಡುತ್ತಿದೆ?

ನ್ಯೂಜಿಲೆಂಡಿನಲ್ಲಿ ನಡೆದದ್ದು ಇನ್ನೂ ವಿಚಿತ್ರ. 1989ರ ಸುಧಾರಣೆಯಲ್ಲಿ ಪ್ರತಿ ಶಾಲೆಯ ಆಡಳಿತವನ್ನು ಪೋಷಕರೇ ಬಹುಮತದಲ್ಲಿದ್ದ ಮಂಡಳಿಗೆ ಒಪ್ಪಿಸಲಾಯಿತು. 1991ರಲ್ಲಿ ಶಾಲಾ ವ್ಯಾಪ್ತಿಯ ನಿಯಮಗಳು ಹೋದವು, ತುಂಬಿದ ಶಾಲೆ ಯಾರನ್ನು ಸೇರಿಸಿಕೊಳ್ಳಬೇಕೆಂಬುದನ್ನು ತಾನೇ ನಿರ್ಧರಿಸತೊಡಗಿತು. ಬಡ ಪ್ರದೇಶದ ಶಾಲೆಗಳಿಗೆ ಹೆಚ್ಚು ಹಣ ಮುಟ್ಟಿಸುವ ಸದುದ್ದೇಶದಿಂದ 1995ರಲ್ಲಿ ಎಲ್ಲ ಶಾಲೆಗಳಿಗೂ 1ರಿಂದ 10ರವರೆಗೆ ‘ಡೆಸೈಲ್’ ಎಂಬ ಅಂಕಿ ಕೊಡಲಾಯಿತು: ಅತಿ ಬಡ ಪ್ರದೇಶದ ಮಕ್ಕಳು ಹೆಚ್ಚಿರುವ ಶಾಲೆಗೆ 1, ಅನುಕೂಲಸ್ಥರ ಶಾಲೆಗೆ 10. ಅದು ಅನುದಾನ ಹಂಚುವ ಲೆಕ್ಕವೇ ಹೊರತು ಬೋಧನೆಗೆ ಕೊಟ್ಟ ಅಂಕವಾಗಿರಲಿಲ್ಲ. ಪೋಷಕರು ಮಾತ್ರ ಅದನ್ನು ಹತ್ತಕ್ಕೆ ಹತ್ತು, ಹತ್ತಕ್ಕೆ ಒಂದು ಎಂದೇ ಓದಿಕೊಂಡರು. ನೆರವು ಕೊಡಲೆಂದು ಹಚ್ಚಿದ ಗುರುತೇ ಕಳಂಕವಾಗಿ, ಕಡಿಮೆ ಅಂಕಿಯ ಶಾಲೆಗಳಿಂದ ಮಕ್ಕಳು ಹೊರಟರು. ಕೊನೆಗೆ 2023ರಲ್ಲಿ ಡೆಸೈಲ್ ಪದ್ಧತಿಯನ್ನೇ ಕೈಬಿಟ್ಟು, ಮಕ್ಕಳ ಕೌಟುಂಬಿಕ ಹಿನ್ನೆಲೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ಅಳೆಯುವ ಬೇರೊಂದು ಸೂಚ್ಯಂಕವನ್ನು ತರಬೇಕಾಯಿತು.

ಹಾಗಾದರೆ ಶಾಲೆಗಳ ಬಗೆಗಿನ ಮಾಹಿತಿಯನ್ನೇ ಮುಚ್ಚಿಡಬೇಕೆ? ಬ್ರಿಟನ್ನಿನ ಅನುಭವ ಅದಕ್ಕೂ ಒಪ್ಪುವುದಿಲ್ಲ. ವೇಲ್ಸ್ 2001ರಲ್ಲಿ ಶಾಲಾ ಫಲಿತಾಂಶದ ಪಟ್ಟಿಗಳ ಪ್ರಕಟಣೆಯನ್ನು ನಿಲ್ಲಿಸಿತು, ಇಂಗ್ಲೆಂಡ್ ಮುಂದುವರಿಸಿತು. ಎರಡನ್ನೂ ಹೋಲಿಸಿದ ಸಂಶೋಧಕರಿಗೆ, ಪಟ್ಟಿ ನಿಂತ ಮೇಲೆ ವೇಲ್ಸ್‌ನ ಶಾಲೆಗಳ ಸಾಧನೆ ಇಂಗ್ಲೆಂಡಿಗೆ ಹೋಲಿಸಿದರೆ ಕುಸಿದದ್ದು ಕಂಡಿತು. ಮೇಲಿನ ಕಾಲುಭಾಗದ ಶಾಲೆಗಳಿಗೆ ಏನೂ ಆಗಲಿಲ್ಲ, ಪೆಟ್ಟು ಬಿದ್ದದ್ದು ಉಳಿದ ಶಾಲೆಗಳಿಗೆ. ಅಂದರೆ ಯಾರೂ ನೋಡದೇ ಹೋದಾಗ ಸೊರಗುವುದು ಬಡಮಕ್ಕಳ ಶಾಲೆಯೇ. ಅಮೆರಿಕದ ಷಾರ್ಲಟ್ ನಗರದಲ್ಲಿ, ಶಾಲೆಗಳ ಅಂಕಗಳನ್ನು ಒಂದೇ ಹಾಳೆಯಲ್ಲಿ ಸರಳವಾಗಿ ಮುದ್ರಿಸಿ ಕೊಟ್ಟಾಗ ಕಡಿಮೆ ಆದಾಯದ ಕುಟುಂಬಗಳೂ ಮೊದಲಿಗಿಂತ ಉತ್ತಮ ಫಲಿತಾಂಶದ ಶಾಲೆಗಳನ್ನು ಕೇಳತೊಡಗಿದವು. ಬಡವರಿಗೆ ಶಿಕ್ಷಣದ ಬೆಲೆ ಗೊತ್ತಿಲ್ಲ ಎಂದು ಷರಾ ಬರೆಯುವವರು ಈ ಹಾಳೆಯನ್ನೊಮ್ಮೆ ನೆನೆಯಬೇಕು.

ಶುಲ್ಕವನ್ನು ತೆಗೆದುಹಾಕಿದರೆ ಸಾಕು ಎನ್ನುವವರಿಗೆ ಸ್ವೀಡನ್ ಉತ್ತರ ಕೊಡುತ್ತದೆ. 1992ರಲ್ಲಿ ಆರಂಭವಾದ ಅಲ್ಲಿನ ವ್ಯವಸ್ಥೆಯಲ್ಲಿ ಸರ್ಕಾರದ ಹಣದಿಂದ ನಡೆಯುವ ಖಾಸಗಿ ಶಾಲೆಗಳು ಪೋಷಕರಿಂದ ಶುಲ್ಕ ಪಡೆಯುವಂತಿಲ್ಲ. ಕಡ್ಡಾಯ ಶಿಕ್ಷಣದ ಹಂತದಲ್ಲಿ ಪ್ರವೇಶ ಪರೀಕ್ಷೆಗೂ ಸಾಮಾನ್ಯವಾಗಿ ಅವಕಾಶವಿಲ್ಲ. ಆದರೂ ಜನಪ್ರಿಯ ಖಾಸಗಿ ಶಾಲೆಗಳು ಬಳಸಿಕೊಂಡ ಮಾನದಂಡ ಸರದಿ: ಮೊದಲು ಹೆಸರು ಬರೆಸಿದವರಿಗೆ ಮೊದಲ ಸೀಟು. ಇದಕ್ಕಿಂತ ನಿಷ್ಪಕ್ಷಪಾತವಾದ ನಿಯಮ ಇನ್ನೊಂದಿಲ್ಲ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಮಗು ಹುಟ್ಟಿದ ವಾರದಲ್ಲೇ ಹೆಸರು ಬರೆಸಬೇಕೆಂದು ತಿಳಿದವರು ಯಾರು, ಮಗುವಿಗೆ ಎಂಟು ವರ್ಷವಾದಾಗ ಬೇರೆ ದೇಶದಿಂದ ಬಂದಿಳಿದವರು ಯಾರು ಎಂದು ಯೋಚಿಸಿದರೆ ಸರದಿಯ ಬಣ್ಣ ಬಯಲಾಗುತ್ತದೆ. ಇದಕ್ಕೆ ಜೊತೆಯಾಗಿ, ಸ್ಟಾಕ್‌ಹೋಮ್ ನಗರವು 2000ದಲ್ಲಿ ಪದವಿಪೂರ್ವ ಹಂತದ ಸೀಟುಗಳನ್ನು ವಾಸಸ್ಥಳದ ಬದಲು ಸಂಪೂರ್ಣವಾಗಿ ಅಂಕಗಳ ಆಧಾರದ ಮೇಲೆ ಹಂಚತೊಡಗಿತು. ಅಂಕದ ಮಟ್ಟದಲ್ಲಷ್ಟೇ ಅಲ್ಲದೆ ಕುಟುಂಬದ ಹಿನ್ನೆಲೆ ಮತ್ತು ವಲಸೆಯ ಹಿನ್ನೆಲೆಯ ಲೆಕ್ಕದಲ್ಲೂ ಶಾಲೆಗಳು ಮೊದಲಿಗಿಂತ ಹೆಚ್ಚು ಬೇರ್ಪಟ್ಟವು. ಸ್ವೀಡನ್ನಿನ ಖಾಸಗಿ ಶಾಲೆಗಳಿಂದ ಸರಾಸರಿ ಕಲಿಕೆ ಒಂದಿಷ್ಟು ಸುಧಾರಿಸಿತು ಎನ್ನುವ ಗಂಭೀರ ಸಂಶೋಧನೆಯೂ ಇದೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಸರಾಸರಿ ಏರುವುದೂ ಅಂತರ ಹೆಚ್ಚುವುದೂ ಒಟ್ಟಿಗೇ ಆಗಬಹುದು.

ಪ್ರವೇಶಾತಿಯ ನಿಯಮವೆಂಬ ಸಪ್ಪೆ ವಿಷಯದಲ್ಲೇ ಎಷ್ಟು ಅನ್ಯಾಯ ಅಡಗಿರಬಹುದು ಎಂಬುದಕ್ಕೆ ಬಾಸ್ಟನ್ ನಗರದ ಸರ್ಕಾರಿ ಶಾಲೆಗಳು 2005ರವರೆಗೆ ಬಳಸುತ್ತಿದ್ದ ವಿಧಾನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಪೋಷಕರು ತಮಗಿಷ್ಟವಾದ ಶಾಲೆಗಳನ್ನು ಕ್ರಮವಾಗಿ ಬರೆದುಕೊಡಬೇಕು. ಮೊದಲ ಸುತ್ತಿನಲ್ಲಿ ಪ್ರತಿ ಶಾಲೆಯೂ ತನ್ನನ್ನು ಮೊದಲ ಆಯ್ಕೆಯಾಗಿ ಬರೆದವರಿಗಷ್ಟೇ ಸೀಟು ಕೊಡುತ್ತದೆ. ಉಳಿದರೆ ಎರಡನೆಯ ಆಯ್ಕೆಯಾಗಿ ಬರೆದವರಿಗೆ. ಈಗ ಒಬ್ಬ ತಂದೆ ಎಲ್ಲರೂ ಬಯಸುವ ಶಾಲೆಯನ್ನು ಮೊದಲು, ಮನೆಯ ಹತ್ತಿರದ ಸಾಕಷ್ಟು ಒಳ್ಳೆಯ ಶಾಲೆಯನ್ನು ಎರಡನೆಯದಾಗಿ ಮನಸ್ಸಿನಲ್ಲಿದ್ದಂತೆಯೇ ಬರೆದನೆನ್ನಿ. ಮೊದಲನೆಯದು ಸಿಗುವುದಿಲ್ಲ. ಎರಡನೆಯದಕ್ಕೆ ಬರುವಷ್ಟರಲ್ಲಿ ಅದನ್ನು ಮೊದಲ ಆಯ್ಕೆಯಾಗಿ ಬರೆದ ಚತುರರಿಂದ ಅದೂ ಭರ್ತಿಯಾಗಿರುತ್ತದೆ, ಮನೆ ಹತ್ತಿರವಿದ್ದರೂ ಆ ಆದ್ಯತೆ ಲೆಕ್ಕಕ್ಕೆ ಬರುವುದಿಲ್ಲ. ಮಗು ಯಾರೂ ಕೇಳದ ಶಾಲೆಗೆ ಹೋಗಿ ಬೀಳುತ್ತದೆ. ನಿಜ ಬರೆದವನಿಗೆ ನಷ್ಟ, ಲೆಕ್ಕ ಹಾಕಿ ಬರೆದವನಿಗೆ ಲಾಭ. ಯಾವ ಶಾಲೆಗೆ ಎಷ್ಟು ಜನ ಮುಗಿಬೀಳುತ್ತಾರೆಂದು ಸಭೆ ಸೇರಿ ಚರ್ಚಿಸಿ ತಂತ್ರ ಹೂಡುತ್ತಿದ್ದ ಪೋಷಕರ ಗುಂಪೂ ಅಲ್ಲಿತ್ತು. ಎರಡು ಪಾಳಿ ದುಡಿಯುವವರು ಅಂಥ ಸಭೆಗೆ ಹೋಗಲಾರರು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 1962ರಲ್ಲಿ ಗೇಲ್ ಮತ್ತು ಶಾಪ್ಲೆ ಎಂಬ ಗಣಿತಜ್ಞರು ರೂಪಿಸಿದ್ದ ಹೊಂದಾಣಿಕೆಯ ಕ್ರಮವನ್ನು ಆಧರಿಸಿ ಆಲ್ವಿನ್ ರಾತ್ ಮತ್ತು ಸಂಗಡಿಗರು ಹೊಸ ವಿಧಾನವನ್ನು ಸೂಚಿಸಿದ ಮೇಲೆ ಬಾಸ್ಟನ್ ತನ್ನ ನಿಯಮವನ್ನು ಬದಲಿಸಿತು. ಹೊಸ ವಿಧಾನದಲ್ಲಿ ಮನಸ್ಸಿನಲ್ಲಿದ್ದುದನ್ನು ಇದ್ದ ಹಾಗೆ ಬರೆದರೆ ಯಾರಿಗೂ ನಷ್ಟವಿಲ್ಲ. ರಾತ್ ಮತ್ತು ಶಾಪ್ಲೆಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಆಯ್ಕೆಯಿಂದ ಬಡಮಕ್ಕಳಿಗೆ ನೇರವಾಗಿ ಒಳಿತಾದ ಉದಾಹರಣೆಗಳನ್ನು ಹೇಳದಿದ್ದರೆ ಈ ಬರಹ ಏಕಪಕ್ಷೀಯವಾಗುತ್ತದೆ. ಕೊಲಂಬಿಯಾ 1991ರಲ್ಲಿ ಬಡ ಬಡಾವಣೆಗಳ ಮಕ್ಕಳಿಗಾಗಿಯೇ ವೋಚರ್ ಯೋಜನೆ ಆರಂಭಿಸಿ, ಅರ್ಜಿಗಳು ಹೆಚ್ಚಾದ ಕಡೆ ಲಾಟರಿ ಎತ್ತಿತು. ಲಾಟರಿಯಲ್ಲಿ ಗೆದ್ದ ಮಕ್ಕಳು ಎಂಟನೆಯ ತರಗತಿ ಮುಗಿಸುವ ಪ್ರಮಾಣವು ಸೋತವರಿಗಿಂತ ಸುಮಾರು ಹತ್ತು ಶೇಕಡಾ ಅಂಶಗಳಷ್ಟು ಹೆಚ್ಚಿತ್ತು. ಬಾಸ್ಟನ್ನಿನ ಚಾರ್ಟರ್ ಶಾಲೆಗಳು, ಅಂದರೆ ಸರ್ಕಾರದ ಹಣದಿಂದ ಸ್ವತಂತ್ರ ಆಡಳಿತದಲ್ಲಿ ನಡೆಯುವ ಶಾಲೆಗಳು, ಅರ್ಜಿಗಳು ಹೆಚ್ಚಾದಾಗ ಲಾಟರಿಯ ಮೂಲಕವೇ ಮಕ್ಕಳನ್ನು ಸೇರಿಸಿಕೊಳ್ಳಬೇಕು. ಅಲ್ಲಿ ನಗರದ ಬಡ ಕುಟುಂಬಗಳ ಮಕ್ಕಳ ಕಲಿಕೆ ಗಣನೀಯವಾಗಿ ಏರಿದೆ. ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ ಲಾಟರಿಯಿಂದ ವೋಚರ್ ಕೊಟ್ಟು ನಾಲ್ಕು ವರ್ಷ ನಡೆಸಿದ ಪ್ರಯೋಗದಲ್ಲಿ, ಖಾಸಗಿ ಶಾಲೆಗೆ ಹೋದವರಿಗೂ ಸರ್ಕಾರಿ ಶಾಲೆಯಲ್ಲಿ ಉಳಿದವರಿಗೂ ತೆಲುಗು ಮತ್ತು ಗಣಿತದ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹಿಂದಿಯಲ್ಲಿ ಖಾಸಗಿ ಶಾಲೆಯವರು ಮುಂದಿದ್ದರು, ಖರ್ಚು ಮಾತ್ರ ಸರ್ಕಾರಿ ಶಾಲೆಯ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಿತ್ತು, ಸರ್ಕಾರಿ ಶಾಲೆಯಲ್ಲಿ ಉಳಿದವರಿಗೆ ಹಾನಿಯೂ ಆಗಿರಲಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಅಮೆರಿಕದ ಲೂಸಿಯಾನಾದಲ್ಲಿ ವೋಚರ್ ಪಡೆದ ಮಕ್ಕಳ ಗಣಿತದ ಅಂಕಗಳು ಮೊದಲ ವರ್ಷದಲ್ಲೇ ಗಣನೀಯವಾಗಿ ಕುಸಿದವು; ಆ ಯೋಜನೆಗೆ ಸೇರಿದ ಖಾಸಗಿ ಶಾಲೆಗಳಲ್ಲಿ ಅನೇಕವು ಮೊದಲೇ ಮಕ್ಕಳಿಲ್ಲದೆ ಬಡವಾಗುತ್ತಿದ್ದ ಶಾಲೆಗಳು. ಖಾಸಗಿ ಎಂಬ ಫಲಕವೊಂದೇ ಯಾವ ಭರವಸೆಯನ್ನೂ ಕೊಡುವುದಿಲ್ಲ. ಒಳಿತಾದ ಕಡೆಗಳಲ್ಲೆಲ್ಲ ಸೀಟನ್ನು ಹಂಚಿದ್ದು ಲಾಟರಿ ಎಂಬುದನ್ನು ಮಾತ್ರ ನಾನು ಆಕಸ್ಮಿಕವೆಂದು ಬಿಟ್ಟುಬಿಡಲಾರೆ.

ಚಿಲಿ ಕಲಿತ ಪಾಠವೂ ಅದೇ. 2008ರ ಕಾನೂನಿನಲ್ಲಿ ಬಡಮಕ್ಕಳ ವೋಚರ್ ಮೊತ್ತವನ್ನು ಸುಮಾರು ಅರ್ಧದಷ್ಟು ಹೆಚ್ಚಿಸಿ, ಆ ಹಣ ಪಡೆಯುವ ಶಾಲೆಗಳು ಆ ಮಕ್ಕಳಿಂದ ಶುಲ್ಕ ಕೇಳುವಂತಿಲ್ಲ, ಅವರನ್ನು ಜರಡಿ ಹಿಡಿಯುವಂತಿಲ್ಲ ಎಂದು ವಿಧಿಸಲಾಯಿತು. ನಂತರದ ವರ್ಷಗಳಲ್ಲಿ ಬಡವರ ಮತ್ತು ಉಳ್ಳವರ ಮಕ್ಕಳ ಅಂಕಗಳ ಅಂತರ ಕಿರಿದಾಯಿತು. 2015ರ ಕಾನೂನು ಇನ್ನೂ ಮುಂದೆ ಹೋಗಿ, ಅನುದಾನಿತ ಶಾಲೆಗಳ ಲಾಭ, ಮೇಲುಶುಲ್ಕ, ಮಕ್ಕಳ ಆಯ್ಕೆ ಮೂರನ್ನೂ ಹಂತಹಂತವಾಗಿ ಕೊನೆಗಾಣಿಸಲು ಹೊರಟಿತು. ಪ್ರವೇಶಾತಿಯ ಕೆಲಸ ಶಾಲೆಗಳ ಕೈಯಿಂದ ಹೋಗಿ, 2016ರಲ್ಲಿ ದಕ್ಷಿಣ ತುದಿಯ ಮಗಾಯಾನೆಸ್ ಪ್ರಾಂತ್ಯದಿಂದ ಆರಂಭಿಸಿ, ಕೇಂದ್ರೀಕೃತ ಗಣಕ ವ್ಯವಸ್ಥೆಗೆ ಬಂತು, ಸೀಟುಗಳಲ್ಲಿ ಶೇ. 15ರಷ್ಟು ಬಡಮಕ್ಕಳಿಗೆ ಮೀಸಲು. ಪೋಷಕರ ಆಯ್ಕೆ ಹಾಗೆಯೇ ಉಳಿಯಿತು, ಶಾಲೆಗಳ ಆಯ್ಕೆ ಹೋಯಿತು. ಅಂಥ ಸುಧಾರಣೆಗೂ ಮಿತಿಯಿದೆ. ಇಂಗ್ಲೆಂಡಿನ ಬ್ರೈಟನ್ ಪಟ್ಟಣವು 2008ರ ಪ್ರವೇಶಾತಿಯಿಂದ ಲಾಟರಿಯನ್ನು ತಂದಾಗ ದೊಡ್ಡ ಗದ್ದಲವೇ ಆಯಿತು. ಆದರೆ ಲಾಟರಿಯನ್ನು ಗೊತ್ತುಮಾಡಿದ ವ್ಯಾಪ್ತಿರೇಖೆಗಳ ಒಳಗೇ ಎತ್ತಿದ್ದರಿಂದ ಶಾಲೆಗಳ ನಡುವಣ ಸಾಮಾಜಿಕ ಅಂತರ ಹೆಚ್ಚೇನೂ ಇಳಿಯಲಿಲ್ಲ.

ಇಷ್ಟೆಲ್ಲ ಓದಿದ ಮೇಲೂ ನನ್ನನ್ನು ಕಾಡುವ ಪ್ರಶ್ನೆ, ಹೋದ ಮಕ್ಕಳದ್ದಲ್ಲ, ಉಳಿದ ಮಕ್ಕಳದ್ದು. ಹತ್ತು ತರಗತಿ, 300 ಮಕ್ಕಳಿರುವ ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. ಪೈಪೋಟಿಯಿಂದ 60 ಮಕ್ಕಳು ಬಿಟ್ಟುಹೋದರೆಂದರೆ ಶೇ. 20ರಷ್ಟು ಅನುದಾನ ಹೋಯಿತು. ಆದರೆ ಆ ಅರವತ್ತು ಮಕ್ಕಳು ಎರಡು ತರಗತಿಗಳನ್ನು ಖಾಲಿ ಮಾಡಿಕೊಂಡು ಹೋಗುವುದಿಲ್ಲ. ಪ್ರತಿ ತರಗತಿಯಿಂದ ಆರಾರು ಮಂದಿ ಹೋಗಿರುತ್ತಾರೆ. ಮೂವತ್ತರ ಬದಲು ಇಪ್ಪತ್ತನಾಲ್ಕು ಮಕ್ಕಳಿರುವ ತರಗತಿಗೂ ಒಬ್ಬ ಶಿಕ್ಷಕಿ ಬೇಕು, ಸೋರುವ ಚಾವಣಿ ಅಷ್ಟೇ ಸೋರುತ್ತದೆ, ವಿದ್ಯುತ್ ಬಿಲ್ಲು ಇಳಿಯುವುದಿಲ್ಲ. ಕಡಿತ ಮಾಡಬಹುದಾದದ್ದು ಸಂಗೀತ, ಗ್ರಂಥಾಲಯ, ಹಿಂದುಳಿದ ಮಕ್ಕಳಿಗೆ ಸಂಜೆ ನಡೆಯುವ ವಿಶೇಷ ತರಗತಿ. ಅದರಲ್ಲೂ ಬಿಟ್ಟುಹೋದವರು ಸಾಮಾನ್ಯವಾಗಿ ಶಾಲಾ ಸಭೆಗಳಲ್ಲಿ ಎದ್ದುನಿಂತು ಪ್ರಶ್ನೆ ಕೇಳುತ್ತಿದ್ದ ಪೋಷಕರ ಮಕ್ಕಳು. ಮುಂದಿನ ವರ್ಷ ಶಿಕ್ಷಕರ ಹುದ್ದೆ ಖಾಲಿಯಾದಾಗ ಅದನ್ನು ತುಂಬಿ ಎಂದು ಕೇಳುವ ದನಿಯೂ ಅವರ ಜೊತೆಗೇ ಹೋಗಿರುತ್ತದೆ.

ಕೆಟ್ಟ ಶಾಲೆ ಮುಚ್ಚಿಹೋಗುತ್ತದೆ ಎಂಬ ವಾಕ್ಯವನ್ನು ಮಾರುಕಟ್ಟೆಯ ವಕ್ತಾರರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ನಿಜದಲ್ಲಿ ಶಾಲೆಯೊಂದು ಮುಚ್ಚಲು ಹತ್ತು ವರ್ಷ ಬೇಕಾಗಬಹುದು. ಒಂದು ಮಗುವಿನ ಇಡೀ ಶಾಲಾಜೀವನ ಆ ಕುಸಿತದೊಳಗೇ ಕಳೆದುಹೋಗಬಹುದು. ಕೆಲವೊಮ್ಮೆ ಒಂದೇ ದಿನದಲ್ಲೂ ಮುಚ್ಚುತ್ತದೆ. ಹೂಡಿಕೆ ಸಂಸ್ಥೆಯೊಂದರ ಒಡೆತನದಲ್ಲಿದ್ದ ಸ್ವೀಡನ್ನಿನ ಜೆಬಿ ಎಜುಕೇಷನ್ ಎಂಬ ಶಾಲಾ ಸರಪಳಿ 2013ರಲ್ಲಿ ದಿವಾಳಿಯಾದಾಗ ಸುಮಾರು 10,000 ವಿದ್ಯಾರ್ಥಿಗಳ ಶಾಲೆಗಳು ಏನಾಗುತ್ತವೆ ಎಂಬುದೇ ಅನಿಶ್ಚಿತವಾಯಿತು. ಮಕ್ಕಳ ಸಂಖ್ಯೆ ಇಳಿದ ಶಾಲೆಗೆ ಎರಡು ಮೂರು ವರ್ಷವಾದರೂ ಅನುದಾನವನ್ನು ಏಕಾಏಕಿ ಕಡಿಯದೆ ಕಾಪಾಡುವುದು, ಮುಚ್ಚಲೇಬೇಕಾದರೆ ಅಲ್ಲಿನ ಮಕ್ಕಳಿಗೆ ಆಸುಪಾಸಿನ ಉತ್ತಮ ಶಾಲೆಗಳಲ್ಲಿ ಎಲ್ಲರಿಗಿಂತ ಮೊದಲು ಸೀಟು ಕೊಟ್ಟು, ಓಡಾಟದ ಖರ್ಚನ್ನೂ ಸರ್ಕಾರವೇ ಭರಿಸುವುದು ಅಸಾಧ್ಯವಾದ ಕೆಲಸವೇನಲ್ಲ. ಆಯ್ಕೆಯ ನೀತಿಯ ಕರಡು ಯಾವುದೇ ಕೈಗೆ ಬಂದರೂ ನಾನೀಗ ಮೊದಲು ಹುಡುಕುವುದು ಈ ಎರಡು ಅಂಶಗಳನ್ನು. ವೋಚರಿನ ಮೊತ್ತವನ್ನು ಆಮೇಲೆ ಓದುತ್ತೇನೆ.